ಹಳೆಯ ನಾಣ್ಯಗಳ ಪರಿಶೀಲನೆಗೆ ಮಸೂರದ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರು ಹೋಬಳಿ ಹಾಗೂ ನೆರೆಯ ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಗ್ರಾಮಗಳಲ್ಲಿ ಹಳೆಯ ನಾಣ್ಯಗಳು ಸಾಮಾನ್ಯವಾಗಿ ಎರಡು ದಾರಿಗಳಿಂದ ಜನರ ಕೈಸೇರುತ್ತವೆ. ಹಿರಿಯರು ಬಿಟ್ಟುಹೋದ ಪೆಟ್ಟಿಗೆ, ದೇವರ ಮನೆಯ ಡಬ್ಬಿ, ಮದುವೆಯಲ್ಲಿ ಬಂದ ಗಂಟು ಇವು ಒಂದು ದಾರಿ. ಮನೆಯ ತಳಪಾಯ ತೆಗೆಯುವಾಗ, ಹೊಲ ಉಳುವಾಗ, ಹಾಳು ಗೋಡೆ ಕೆಡವುವಾಗ ಮಣ್ಣಿನಲ್ಲಿ ದೊರೆಯುವುದು ಇನ್ನೊಂದು ದಾರಿ. ಎರಡೂ ಸಂದರ್ಭಗಳಲ್ಲಿ ನಾಣ್ಯ ಯಾವುದೆಂದು ತಿಳಿಯುವ ಮೊದಲೇ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕುವುದು, ಕರಗಿಸುವುದು ಅಥವಾ ದಲ್ಲಾಳಿಯ ಮಾತು ನಂಬಿ ಕೊಟ್ಟುಬಿಡುವುದು ಉಂಟು. ಹೀಗೆ ಕಳೆದುಹೋದ ನಾಣ್ಯವನ್ನಾಗಲಿ ಅದು ಹೇಳಬಹುದಾಗಿದ್ದ ಇತಿಹಾಸವನ್ನಾಗಲಿ ಮರಳಿ ಪಡೆಯಲಾಗದು. ಸಾಧಾರಣ ಬೆಲೆಯ ಒಂದು ಮಸೂರ ಮತ್ತು ಅದನ್ನು ಬಳಸುವ ತಾಳ್ಮೆ ಇದ್ದಲ್ಲಿ ಈ ನಷ್ಟದ ಬಹುಭಾಗವನ್ನು ತಪ್ಪಿಸಬಹುದು. ನಾಣ್ಯಗಳನ್ನು ಗುರುತಿಸಿಕೊಡುವಂತೆ ವಸ್ತುಸಂಗ್ರಹಾಲಯಗಳಿಗೆ ಅಥವಾ ಕಚೇರಿಗಳಿಗೆ ಅರ್ಜಿ ಸಲ್ಲಿಸುವವರಿಗೂ, ಸ್ವಂತ ಸಂಗ್ರಹ ಇಟ್ಟುಕೊಂಡವರಿಗೂ ಉಪಯೋಗವಾಗಲೆಂದು ಈ ಮಾಹಿತಿಯನ್ನು ನೀಡಲಾಗಿದೆ.

ಮಣ್ಣಿನಲ್ಲಿ ದೊರೆತ ನಾಣ್ಯಗಳು

ಭೂಮಿಯಲ್ಲಿ ಹುದುಗಿದ್ದು ದೊರೆತ ನಾಣ್ಯಗಳ ವಿಷಯದಲ್ಲಿ ಮಸೂರಕ್ಕಿಂತ ಮೊದಲು ಕಾನೂನು ಬರುತ್ತದೆ. ಇಂತಹ ನಿಧಿಗೆ ಕರ್ನಾಟಕ ನಿಧಿ ಕಾಯ್ದೆ 1962 ಅನ್ವಯಿಸುತ್ತದೆ. ನಿಧಿ ದೊರೆತ ಸಂಗತಿಯನ್ನು ಜಿಲ್ಲಾಧಿಕಾರಿಯವರಿಗೆ ತಿಳಿಸತಕ್ಕದ್ದು. ಗ್ರಾಮ ಆಡಳಿತ ಅಧಿಕಾರಿ, ತಹಶೀಲ್ದಾರರ ಕಚೇರಿ ಅಥವಾ ಪೊಲೀಸ್ ಠಾಣೆಯ ಮೂಲಕವೂ ವಿಷಯವನ್ನು ಮುಟ್ಟಿಸಬಹುದು. ನಿಧಿಯನ್ನು ಬಚ್ಚಿಡುವುದು, ಹಂಚಿಕೊಳ್ಳುವುದು ಅಥವಾ ಕರಗಿಸುವುದು ಶಿಕ್ಷೆಗೆ ದಾರಿಯಾಗುತ್ತದೆ. ತಾನಾಗಿ ತಿಳಿಸಿದವನ ಹಕ್ಕನ್ನು ಕಾಯ್ದೆಯ ಪ್ರಕಾರ ವಿಚಾರಣೆ ನಡೆಸಿ ತೀರ್ಮಾನಿಸಲಾಗುತ್ತದೆ.

ನಾಣ್ಯಗಳಿದ್ದ ಮಡಕೆಯ ಚೂರು, ಅದರ ಸುತ್ತಲಿನ ಮಣ್ಣು, ದೊರೆತ ಆಳ ಇವೆಲ್ಲವೂ ಸಾಕ್ಷ್ಯಗಳೇ. ನಾಣ್ಯಗಳನ್ನು ಒಂದರಿಂದೊಂದು ಬಿಡಿಸಲು ಚಾಕು, ಸುತ್ತಿಗೆ ಬಳಸಬಾರದು. ಒಟ್ಟಾಗಿ ಅಂಟಿಕೊಂಡಿದ್ದರೆ ಹಾಗೆಯೇ ಬಿಡುವುದು ಲೇಸು.

ಈ ಭಾಗದಲ್ಲಿ ಕಾಣಬಹುದಾದ ನಾಣ್ಯಗಳು

ಮಸೂರವನ್ನು ಆರಿಸುವುದು ನಾಣ್ಯದ ಅಳತೆಯನ್ನು ಅವಲಂಬಿಸಿರುವುದರಿಂದ ಮೊದಲು ನಾಣ್ಯಗಳ ಪರಿಚಯ ಅಗತ್ಯ. ದೋರಸಮುದ್ರವನ್ನು, ಅಂದರೆ ಇಂದಿನ ಹಳೇಬೀಡನ್ನು ರಾಜಧಾನಿಯಾಗಿ ಹೊಂದಿದ್ದ ಹೊಯ್ಸಳರ ಕಾಲದಿಂದ ಈ ಸೀಮೆ ವಿಜಯನಗರ, ಪಾಳೆಯಗಾರರು, ಮೈಸೂರು ಒಡೆಯರು, ಹೈದರ್ ಮತ್ತು ಟಿಪ್ಪು, ಪುನಃ ಒಡೆಯರು ಹೀಗೆ ಹಲವರ ಆಳ್ವಿಕೆಯನ್ನು ಕಂಡಿದೆ. ನಾಣ್ಯಗಳೂ ಅದೇ ಸರದಿಯಲ್ಲಿವೆ.

ವಿಷ್ಣುವರ್ಧನನ ಚಿನ್ನದ ನಾಣ್ಯಗಳ ಒಂದು ಬದಿಯಲ್ಲಿ ಶಾರ್ದೂಲವೂ ಇನ್ನೊಂದು ಬದಿಯಲ್ಲಿ ತಲಕಾಡನ್ನು ಗೆದ್ದವನು ಅಥವಾ ನೊಳಂಬವಾಡಿಯನ್ನು ಗೆದ್ದವನು ಎಂಬ ಅರ್ಥದ ಬಿರುದು ಹಳಗನ್ನಡ ಲಿಪಿಯ ಮೂರು ಸಾಲುಗಳಲ್ಲಿಯೂ ಇರುತ್ತವೆ. ತೂಕ ಸುಮಾರು 4 ಗ್ರಾಂ. ಇವು ವಿರಳ. ವಿಜಯನಗರದ ವರಹದ ತೂಕ ಸುಮಾರು 3.4 ಗ್ರಾಂ, ಅಗಲ ಕೈಬೆರಳಿನ ಉಗುರಿನಷ್ಟು. ಕೃಷ್ಣದೇವರಾಯನ ವರಹದಲ್ಲಿ ಬಾಲಕೃಷ್ಣನನ್ನೂ, ಅಚ್ಯುತರಾಯನ ನಾಣ್ಯದಲ್ಲಿ ಆನೆಗಳನ್ನು ಹಿಡಿದ ಗಂಡಭೇರುಂಡವನ್ನೂ ಕಾಣಬಹುದು. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಕಂಠೀರಾಯಿ ಹಣವು ಇವೆಲ್ಲಕ್ಕಿಂತ ಚಿಕ್ಕದು. ಹುರುಳಿಕಾಳಿಗಿಂತ ತುಸು ಅಗಲವಾದ, ಅರ್ಧ ಗ್ರಾಂ ಕೂಡ ತೂಗದ ಈ ಚಿನ್ನದ ನಾಣ್ಯದ ಮೇಲೆ ನರಸಿಂಹನ ಆಕೃತಿ ಇದೆ ಎಂಬುದು ಮಸೂರವಿಲ್ಲದೆ ತಿಳಿಯುವುದು ಕಷ್ಟ.

ತಾಮ್ರದಲ್ಲಿ ಟಿಪ್ಪುವಿನ ಆನೆಯ ನಾಣ್ಯಗಳು ಹೆಸರಾದವು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳಲ್ಲಿ ಮೊದಲು ಆನೆ, ತರುವಾಯ ಸಿಂಹ ಬರುತ್ತದೆ. ಬೆಂಗಳೂರಿನ ಟಂಕಸಾಲೆ 1843ರಲ್ಲಿ ಮುಚ್ಚಿದ ನಂತರ ಮೈಸೂರು ಸಂಸ್ಥಾನದ ಸ್ವಂತ ನಾಣ್ಯಗಳು ನಿಂತುಹೋದವು. ಹಳ್ಳಿಗಳ ಪೆಟ್ಟಿಗೆಗಳಲ್ಲಿ ಉಳಿದಿರುವ ನಾಣ್ಯಗಳ ದೊಡ್ಡ ಪಾಲು ಬ್ರಿಟಿಷ್ ಭಾರತದ ರೂಪಾಯಿ, ಆಣೆ, ಪೈಗಳು. ಇವುಗಳಲ್ಲಿ ಬೆಳ್ಳಿಯ ರೂಪಾಯಿಯ ಅಗಲ ಸುಮಾರು 30.5 ಮಿಲಿಮೀಟರ್, ತೂಕ 11.66 ಗ್ರಾಂ.

ಎಷ್ಟು ಪಟ್ಟಿನ ಮಸೂರ ಬೇಕು

ಹೆಚ್ಚು ಪಟ್ಟು ಹಿಗ್ಗಿಸುವ ಮಸೂರವೇ ಉತ್ತಮ ಎಂಬ ನಂಬಿಕೆ ಸಾಮಾನ್ಯ. ನಾಣ್ಯಗಳ ಮಟ್ಟಿಗೆ ಇದು ಸರಿಯಲ್ಲ. ವರ್ಧನೆ ಹೆಚ್ಚಿದಂತೆ ಮೂರು ಅನನುಕೂಲಗಳು ಒಟ್ಟಿಗೆ ಬರುತ್ತವೆ: ಒಮ್ಮೆಗೆ ಕಾಣುವ ಜಾಗ ಕಿರಿದಾಗುತ್ತದೆ, ಮಸೂರವನ್ನು ನಾಣ್ಯಕ್ಕೆ ತೀರ ಹತ್ತಿರ ತರಬೇಕಾಗಿ ಬೆಳಕಿಗೆ ಅಡ್ಡವಾಗುತ್ತದೆ, ಮತ್ತು ಉಬ್ಬು ಭಾಗ ಸ್ಪಷ್ಟವಾದಾಗ ತಗ್ಗು ಭಾಗ ಮಸುಕಾಗುತ್ತದೆ.

ಲೆಕ್ಕ ಸರಳವಾಗಿದೆ. 250 ಮಿಲಿಮೀಟರನ್ನು ಮಸೂರದ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ದೊರೆಯುತ್ತದೆ. ಹಾಗಾಗಿ 5 ಪಟ್ಟಿನ ಮಸೂರವನ್ನು ನಾಣ್ಯದಿಂದ ಸುಮಾರು 50 ಮಿಲಿಮೀಟರ್ ದೂರದಲ್ಲಿ, 10 ಪಟ್ಟಿನದನ್ನು 25 ಮಿಲಿಮೀಟರ್ ದೂರದಲ್ಲಿ ಹಿಡಿಯಬೇಕಾಗುತ್ತದೆ. 20 ಪಟ್ಟಿನದಾದರೆ ಕೇವಲ ಹನ್ನೆರಡೂವರೆ ಮಿಲಿಮೀಟರ್. ಆ ಸಂದಿಯಲ್ಲಿ ದೀಪದ ಬೆಳಕು ನುಗ್ಗುವುದೇ ದುಸ್ತರ.

ಬೆಳ್ಳಿ ರೂಪಾಯಿ, ಟಿಪ್ಪುವಿನ ತಾಮ್ರದ ಪೈಸೆಯಂತಹ ಅಗಲವಾದ ನಾಣ್ಯಗಳ ಸಾಮಾನ್ಯ ಪರಿಶೀಲನೆಗೆ 5ರಿಂದ 7 ಪಟ್ಟು ಸಾಕು. ಅಕ್ಷರ, ಇಸವಿ, ಸವೆತ, ಗೀರು ಇವೆಲ್ಲವೂ ಇದರಲ್ಲಿ ಕಾಣುತ್ತವೆ. ವರಹ, ಅರ್ಧ ವರಹ ಮತ್ತು ಹಣಗಳಿಗೆ 10 ಪಟ್ಟಿನ ಮಸೂರ ಸೂಕ್ತ. ಕಂಠೀರಾಯಿ ಹಣ ಇದರಲ್ಲಿ ಇಡಿಯಾಗಿ ಕಾಣುತ್ತದೆ. ರೂಪಾಯಿಯಾದರೆ ಒಂದು ಭಾಗ ಮಾತ್ರ. ನಾಣ್ಯವನ್ನು ಮೊದಲು ಬರಿಗಣ್ಣಿನಲ್ಲಿ, ಅನಂತರ ಕಡಿಮೆ ಪಟ್ಟಿನಲ್ಲಿ, ಅನುಮಾನ ಬಂದ ಜಾಗವನ್ನು ಮಾತ್ರ ಹೆಚ್ಚಿನ ಪಟ್ಟಿನಲ್ಲಿ ನೋಡುವುದು ಕ್ರಮ. ಮೊದಲಿಗೇ 20 ಪಟ್ಟಿನಲ್ಲಿ ನೋಡಿದವರಿಗೆ ಪ್ರತಿ ನಾಣ್ಯವೂ ದೋಷಪೂರ್ಣವೆಂದೇ ತೋರುತ್ತದೆ.

ಒಂದೇ ಮಸೂರ ಕೊಳ್ಳಬಯಸುವವರು ಮಡಚುವ 10 ಪಟ್ಟಿನ ಲೂಪನ್ನು ಕೊಳ್ಳಬಹುದು. ಎರಡು ಸಾಧ್ಯವಿದ್ದಲ್ಲಿ ಅದರ ಜೊತೆಗೆ 5 ಪಟ್ಟಿನ ಕೈಮಸೂರ. ಬಹುಪಾಲು ಸಂಗ್ರಾಹಕರಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗುವುದಿಲ್ಲ.

ಉಪಕರಣಗಳ ಬಗೆಗಳು

ಪತ್ರಿಕೆ ಓದಲು ಬಳಸುವ ಹಿಡಿಯುಳ್ಳ ಭೂತಗನ್ನಡಿ ಸಾಮಾನ್ಯವಾಗಿ 2ರಿಂದ 3 ಪಟ್ಟು ಮಾತ್ರ ಹಿಗ್ಗಿಸುತ್ತದೆ. ಒಂದು ರಾಶಿ ನಾಣ್ಯಗಳನ್ನು ವಿಂಗಡಿಸುವ ಮೊದಲ ಹಂತಕ್ಕೆ ಇದು ಸಾಕಾಗುತ್ತದೆ. ಅಕ್ಕಸಾಲಿಗರು ಬಳಸುವ ಮಡಚುವ ಲೂಪ್ ಜೇಬಿನಲ್ಲಿ ಇರಬಲ್ಲದು. ಇದರಲ್ಲಿ ಒಂದೇ ಗಾಜಿನದು, ಎರಡು ಗಾಜಿನದು, ಮೂರು ಗಾಜುಗಳನ್ನು ಕೂಡಿಸಿ ಅಂಟಿಸಿದ್ದು ಎಂಬ ಬಗೆಗಳಿವೆ. ಒಂದೇ ಗಾಜಿನ 10 ಪಟ್ಟಿನ ಮಸೂರದಲ್ಲಿ ಅಂಚಿನ ಅಕ್ಷರಗಳು ಬಾಗಿ, ಸುತ್ತ ಬಣ್ಣದ ಅಂಚು ಕಟ್ಟಿದಂತೆ ಕಾಣುತ್ತವೆ. ಮೂರು ಗಾಜಿನದರಲ್ಲಿ ಈ ದೋಷ ಬಹುಮಟ್ಟಿಗೆ ಇರುವುದಿಲ್ಲ. ಹಣ ಹೆಚ್ಚು ತೆರುವುದಾದರೆ ಹೆಚ್ಚು ಪಟ್ಟಿಗಲ್ಲ, ಈ ಗುಣಕ್ಕೆ ತೆರುವುದು ಯೋಗ್ಯ.

ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜಿನಿಂದ ಎರಡು ಕೈಗಳೂ ಬಿಡುವಾಗುತ್ತವೆ, ಆದರೆ ಅದಕ್ಕೆ ಅಭ್ಯಾಸ ಬೇಕು. ಕೈ ನಡುಗುವ ಹಿರಿಯರಿಗೆ ನೇಯ್ಗೆಯವರು ಬಟ್ಟೆಯ ಎಳೆಗಳನ್ನು ಎಣಿಸಲು ಬಳಸುವ, ಸ್ವಂತ ಕಾಲಿನ ಮೇಲೆ ನಿಲ್ಲುವ ಮಡಚುಗಾಜು ಬಹಳ ಅನುಕೂಲ. ದೂರ ಮೊದಲೇ ನಿಗದಿಯಾಗಿರುವುದರಿಂದ ಚಿತ್ರ ಅಲುಗಾಡುವುದಿಲ್ಲ. ಅದರ ಲೋಹದ ಪಾದ ನಾಣ್ಯದ ಮೇಲೆಯೇ ಕೂರದಂತೆ ಮಾತ್ರ ಎಚ್ಚರ ವಹಿಸಬೇಕು.

ಎರಡು ಕಣ್ಣಿನಿಂದ ನೋಡುವ ಸ್ಟೀರಿಯೋ ಸೂಕ್ಷ್ಮದರ್ಶಕ ಉಬ್ಬುತಗ್ಗುಗಳನ್ನು ನಿಜವಾಗಿ ತೋರಿಸುವುದರಿಂದ ನಕಲಿಯನ್ನು ಪತ್ತೆಹಚ್ಚುವಲ್ಲಿ ಶ್ರೇಷ್ಠ. ಆದರೆ ಇದು ಸಂಸ್ಥೆಗಳಿಗೆ ಮತ್ತು ಪಳಗಿದವರಿಗೆ ತಕ್ಕದ್ದು. ಗಣಕಯಂತ್ರಕ್ಕೆ ಜೋಡಿಸುವ ಯುಎಸ್‌ಬಿ ಸೂಕ್ಷ್ಮದರ್ಶಕಗಳ ಡಬ್ಬಿಯ ಮೇಲೆ 1000 ಪಟ್ಟು ಎಂದು ಮುದ್ರಿಸಿರುವುದನ್ನು ಅಕ್ಷರಶಃ ನಂಬಬಾರದು. ಪರದೆ ದೊಡ್ಡದಾದಷ್ಟೂ ಚಿತ್ರ ದೊಡ್ಡದಾಗುತ್ತದೆ. ಹೊಸ ವಿವರವೇನೂ ಸೇರುವುದಿಲ್ಲ. ಅವುಗಳ ನಿಜವಾದ ಉಪಯೋಗ ಚಿತ್ರ ತೆಗೆದು ಇತರರಿಗೆ ತೋರಿಸುವುದರಲ್ಲಿದೆ. ಮೊಬೈಲ್ ದೂರವಾಣಿಯ ಕ್ಯಾಮೆರಾವನ್ನು ಲೂಪಿನ ಹಿಂದೆ ಹಿಡಿದರೂ ಆ ಕೆಲಸ ನಡೆಯುತ್ತದೆ.

ಕೊಳ್ಳುವ ಮುನ್ನ ಪರೀಕ್ಷೆ

ಅಗ್ಗದ ಲೂಪುಗಳ ಮೇಲೆ 30 ಪಟ್ಟು, 21 ಮಿಲಿಮೀಟರ್ ಎಂಬ ಬರಹ ಸಾಮಾನ್ಯವಾಗಿ ಕಂಡುಬರುತ್ತದೆ. ನಿಜವಾಗಿಯೂ 30 ಪಟ್ಟಾಗಿದ್ದರೆ ಅದರ ಸಂಗಮದೂರ ಸುಮಾರು 8 ಮಿಲಿಮೀಟರ್ ಇರಬೇಕು. ಇದನ್ನು ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಬಾಗಿಲಿನಿಂದ ದೂರದಲ್ಲಿ ಗೋಡೆಯ ಬಳಿ ನಿಂತು, ಬಿಳಿಯ ಕಾಗದದ ಮುಂದೆ ಮಸೂರವನ್ನು ಹಿಡಿದು, ಹೊರಗಿನ ಮರ ಅಥವಾ ಕಟ್ಟಡದ ತಲೆಕೆಳಗಾದ ಚಿತ್ರ ಕಾಗದದ ಮೇಲೆ ಸ್ಪಷ್ಟವಾಗುವವರೆಗೆ ಹಿಂದೆ ಮುಂದೆ ಸರಿಸಬೇಕು. ಆಗ ಮಸೂರದ ನಡುವಿನಿಂದ ಕಾಗದಕ್ಕಿರುವ ಅಂತರವನ್ನು ಅಡಿಕೋಲಿನಿಂದ ಅಳೆದು 250ನ್ನು ಅದರಿಂದ ಭಾಗಿಸಿದರೆ ಅಂದಾಜು ವರ್ಧನೆ ತಿಳಿಯುತ್ತದೆ. 30 ಎಂದು ಬರೆದ ಲೂಪಿಗೆ 25 ಮಿಲಿಮೀಟರ್ ಬಂದಲ್ಲಿ ಅದು 10 ಪಟ್ಟಿನದೇ. ಈ ಪರೀಕ್ಷೆಗೆ ಸೂರ್ಯನನ್ನು ಎಂದಿಗೂ ಬಳಸಬಾರದು. ಕಾಗದಕ್ಕೆ ಬೆಂಕಿ ಹತ್ತುತ್ತದೆ, ಕಣ್ಣಿಗೂ ಅಪಾಯ. ಬಳಿಕ ಶಾಲಾ ಮಕ್ಕಳ ಗ್ರಾಫ್ ಹಾಳೆಯನ್ನು ನೋಡಿ, ಅಂಚಿನ ಗೆರೆಗಳು ನೇರವಾಗಿವೆಯೇ ಎಂದು ತಿಳಿಯಬಹುದು.

ಬೆಳಕು ಮತ್ತು ಹಿಡಿಯುವ ಕ್ರಮ

ಉತ್ತಮ ಮಸೂರವೂ ಕೆಟ್ಟ ಬೆಳಕಿನಲ್ಲಿ ವ್ಯರ್ಥ. ಜಗಲಿಯಲ್ಲಿ ಬೆಳಗಿನ ಹೊತ್ತು ಒಂದು ಪಕ್ಕದಿಂದ ಬರುವ ಬೆಳಕು ಅಥವಾ ಓರೆಯಾಗಿ ಇರಿಸಿದ ಒಂದೇ ಮೇಜುದೀಪ ಸಾಕು. ಸವೆದ ಅಕ್ಷರಗಳು ತಗ್ಗಿನ ಕೋನದಿಂದ ಬಿದ್ದ ಬೆಳಕಿನಲ್ಲಿ ನೆರಳಿನಿಂದಾಗಿ ಎದ್ದು ಕಾಣುತ್ತವೆ. ಲೂಪಿನ ಸುತ್ತ ಅಳವಡಿಸಿದ ಎಲ್‌ಇಡಿ ದೀಪಗಳು ಎಲ್ಲ ಕಡೆಯಿಂದಲೂ ಸಮವಾಗಿ ಬೆಳಗಿ ನೆರಳನ್ನು ಅಳಿಸಿಬಿಡುವುದರಿಂದ ಅವುಗಳನ್ನು ಆರಿಸಿಯೂ ಒಮ್ಮೆ ನೋಡಬೇಕು.

ಇಲ್ಲಿ ಒಂದು ಭ್ರಮೆಯ ಬಗ್ಗೆ ತಿಳಿದಿರುವುದು ಅಗತ್ಯ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದು ಗಮನದಲ್ಲಿಲ್ಲದಿದ್ದರೆ ಉಬ್ಬು ತಗ್ಗಾಗಿಯೂ ತಗ್ಗು ಉಬ್ಬಾಗಿಯೂ ತೋರಬಹುದು. ಹೈದರ್ ಅಲಿಯ ಚಿನ್ನದ ವರಹದ ಒಂದು ಬದಿಯಲ್ಲಿ ಶಿವಪಾರ್ವತಿಯರೂ ಇನ್ನೊಂದು ಬದಿಯಲ್ಲಿ ಅವನ ಹೆಸರಿನ ಮೊದಲ ಪಾರಸಿ ಅಕ್ಷರವೂ ಇದ್ದು, ಆ ಅಕ್ಷರದ ಸುತ್ತ ಸಣ್ಣ ಕಾಳುಗಳಂತಹ ಚುಕ್ಕೆಗಳಿವೆ. ಇವು ಉಬ್ಬು ಚುಕ್ಕೆಗಳು, ಅಚ್ಚಿನಲ್ಲಿಯೇ ಇದ್ದವು. ತಪ್ಪು ಬೆಳಕಿನಲ್ಲಿ ನೋಡಿದವರು ಇವನ್ನು ಎರಕದ ಗುಳಿಗಳೆಂದು ತಿಳಿದು ಅಸಲಿಯನ್ನೇ ನಕಲಿ ಎನ್ನುವ ಸಂಭವವಿದೆ. ನಾಣ್ಯವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿದಲ್ಲಿ ಸಂಶಯ ಪರಿಹಾರವಾಗುತ್ತದೆ.

ಲೂಪನ್ನು ಕಣ್ಣಿನ ಹತ್ತಿರಕ್ಕೆ ತಂದು, ಇನ್ನೊಂದು ಕೈಯಿಂದ ನಾಣ್ಯವನ್ನು ಮೇಲಕ್ಕೆ ತರಬೇಕು. ಲೂಪನ್ನು ನಾಣ್ಯದ ಮೇಲೆ ಹಿಡಿದು ತಲೆ ಬಾಗಿಸುವುದಲ್ಲ. ಮೊಣಕೈಗಳು ಮೇಜಿನ ಮೇಲೆ ಊರಿರಲಿ. ಕೆಳಗೆ ಮಡಿಸಿದ ಮೆತ್ತನೆಯ ಬಟ್ಟೆ ಹಾಸಿರಬೇಕು. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯತಕ್ಕದ್ದು.

ಏನನ್ನು ನೋಡಬೇಕು

ಅಚ್ಚೊತ್ತಿದ ನಾಣ್ಯದಲ್ಲಿ ಅಕ್ಷರಗಳ ಬುಡ ಸ್ಪಷ್ಟವಾಗಿ ಕತ್ತರಿಸಿದಂತೆ ಇರುತ್ತದೆ. ಎರಕ ಹೊಯ್ದ ನಕಲಿಯಲ್ಲಿ ಅದೇ ಬುಡ ಮೇಣ ಕರಗಿದಂತೆ ದುಂಡಾಗಿ, ಮೇಲ್ಮೈಯಲ್ಲಿ ಸೂಜಿಮೊನೆಯಂತಹ ಗುಳಿಗಳು ಅಥವಾ ಸಣ್ಣ ಮಣಿಗಳು ಕಾಣಬಹುದು. ಅಂಚನ್ನು ಸುತ್ತಲೂ ನೋಡಿದಾಗ ಎರಡು ಅರ್ಧಗಳು ಸೇರಿದ ಗೆರೆ ಅಥವಾ ಅದನ್ನು ಅಳಿಸಲು ಅರ ಹಾಕಿದ ಗುರುತು ಇದ್ದರೆ ಅನುಮಾನ ಬಲವಾಗುತ್ತದೆ. ಆದರೆ ಗುಳಿಗಳಷ್ಟರಿಂದಲೇ ತೀರ್ಮಾನಕ್ಕೆ ಬರಬಾರದು. ಶತಮಾನಗಳ ಕಾಲ ಮಣ್ಣಿನಲ್ಲಿದ್ದ ತಾಮ್ರ ತುಕ್ಕು ತಿಂದು ತಾನಾಗಿಯೇ ಗುಳಿಬಿದ್ದಿರುತ್ತದೆ. ಗೆರೆಗಳ ವಿಷಯದಲ್ಲಿ ಒಂದು ಸುಲಭ ಸೂತ್ರವಿದೆ: ಉಬ್ಬಿದ ಗೆರೆ ಸಾಮಾನ್ಯವಾಗಿ ಬಿರುಕುಬಿಟ್ಟ ಅಚ್ಚಿನದು, ತಗ್ಗಿದ ಗೆರೆ ಆಮೇಲೆ ಬಿದ್ದ ಗೀರು. ಒಂದೇ ದಿಕ್ಕಿನಲ್ಲಿ, ಅಕ್ಷರ ಬಯಲು ಎಂಬ ಭೇದವಿಲ್ಲದೆ ಹಾಯ್ದ ನೂರಾರು ಸಣ್ಣ ಗೀರುಗಳು ಕಂಡರೆ ಆ ನಾಣ್ಯವನ್ನು ಯಾರೋ ತಿಕ್ಕಿ ತೊಳೆದಿದ್ದಾರೆ ಎಂದರ್ಥ. ದೀಪಾವಳಿಗೆ ಹಿತ್ತಾಳೆಯ ದೀಪಗಳಿಗೆ ಹುಣಸೆಹಣ್ಣು ಒಳ್ಳೆಯದೇ ಇರಬಹುದು. ತಾಮ್ರದ ನಾಣ್ಯದ ಮೇಲಿನ ಕಂದು ಅಥವಾ ಹಸಿರು ಪೊರೆ ಕೊಳೆಯಲ್ಲ, ಅದು ನಾಣ್ಯದ ಮೈ.

ಆನೆಯ ತಾಮ್ರದ ನಾಣ್ಯಗಳನ್ನು ಎಲ್ಲರೂ ಟಿಪ್ಪುವಿನ ಕಾಲದವೆಂದೇ ಹೇಳುವುದು ರೂಢಿ. 5 ಪಟ್ಟಿನ ಮಸೂರದಲ್ಲಿ ಆನೆಯ ಮೇಲ್ಗಡೆ ಸೂರ್ಯಚಂದ್ರರ ನಡುವೆ ಕನ್ನಡದ ಶ್ರೀಕಾರ ಕಂಡುಬಂದರೆ ಅದು ಮುಮ್ಮಡಿ ಕೃಷ್ಣರಾಜ ಒಡೆಯರದು. ಟಿಪ್ಪುವಿನ ನಾಣ್ಯದಲ್ಲಿ ಪಾರಸಿ ಬರಹದಲ್ಲಿ ಟಂಕಸಾಲೆಯ ಹೆಸರಿರುತ್ತದೆ. ಅವನು ಜಾರಿಗೆ ತಂದ ಮೌಲೂದಿ ಶಕೆಯ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕಾಗುತ್ತದೆ. ಇದನ್ನರಿಯದೆ 1215ನ್ನು 5121 ಎಂದು ಓದಿ ಗೊಂದಲಕ್ಕೀಡಾಗಬಾರದು.

ಬ್ರಿಟಿಷ್ ರೂಪಾಯಿಗಳಲ್ಲಿ 1862 ಎಂಬ ಇಸವಿಯ ವಿಕ್ಟೋರಿಯಾ ರೂಪಾಯಿಯನ್ನು ಅದೇ ಇಸವಿ ಇರಿಸಿಕೊಂಡು 1874ರವರೆಗೂ ಅಚ್ಚೊತ್ತಲಾಯಿತು. ಇಸವಿಯ ಬಳಿಯ ಸಣ್ಣ ಚುಕ್ಕೆಗಳ ಎಣಿಕೆಯಿಂದ ಅವುಗಳ ಭೇದ ತಿಳಿಯುತ್ತದೆ; ಇದಕ್ಕೆ 10 ಪಟ್ಟು ಬೇಕು. ಆರನೆಯ ಜಾರ್ಜ್ ಹೆಸರಿನ 1939ರ ಬೆಳ್ಳಿ ರೂಪಾಯಿ ವಿರಳವಾದುದರಿಂದ 1938ರ ನಾಣ್ಯದ ಕೊನೆಯ ಅಂಕಿಯನ್ನು ಕೆತ್ತಿ 9 ಮಾಡಿ ಮಾರುವವರಿದ್ದಾರೆ. ಉಳಿದ ಮೂರು ಅಂಕಿಗಳಿಗೂ ಕೊನೆಯದಕ್ಕೂ ಎತ್ತರದಲ್ಲಿ ವ್ಯತ್ಯಾಸ, ಸುತ್ತಲಿನ ಬಯಲಿನಲ್ಲಿ ಉಳಿಯ ಗುರುತು, ಆ ಜಾಗದಲ್ಲಿ ಮಾತ್ರ ಬೇರೆಯಾದ ಹೊಳಪು ಇವನ್ನು ಓರೆ ಬೆಳಕಿನಲ್ಲಿ ಹುಡುಕಬೇಕು. ಇತ್ತೀಚಿನ ಭಾರತೀಯ ನಾಣ್ಯಗಳಲ್ಲಿ ಇಸವಿಯ ಕೆಳಗೆ ವಜ್ರದ ಆಕಾರವಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ ಟಂಕಸಾಲೆ.

ಮಸೂರವು ಲೋಹವನ್ನು ಹೇಳಲಾರದು. ಉಕ್ಕಿನ ಅಚ್ಚಿನಿಂದ ಜಾಗರೂಕತೆಯಾಗಿ ಒತ್ತಿದ ನಕಲಿ ವರಹ ಲೂಪಿನ ಕೆಳಗೆ ಅಸಲಿಯಂತೆಯೇ ತೋರಬಹುದು. ಆದುದರಿಂದ 0.01 ಗ್ರಾಂವರೆಗೆ ತೋರಿಸುವ ಸಣ್ಣ ತಕ್ಕಡಿಯನ್ನು ಮಸೂರದ ಜೊತೆಗಾರನೆಂದು ಭಾವಿಸಬೇಕು. ಒರೆಗಲ್ಲಿಗೆ ಉಜ್ಜಿ ನೋಡುವುದು ಚಿನಿವಾರರ ಹಳೆಯ ಪದ್ಧತಿಯಾದರೂ ಪುರಾತನ ನಾಣ್ಯಕ್ಕೆ ಅದು ಗಾಯ, ಮಾಡಿಸಬಾರದು.

ಮೋಸದ ಬಗ್ಗೆ ಎಚ್ಚರಿಕೆ

ರಾಮ, ಹನುಮಂತ ಮುಂತಾದ ದೇವರ ಚಿತ್ರವೂ ಈಸ್ಟ್ ಇಂಡಿಯಾ ಕಂಪನಿಯ ಹೆಸರೂ 1818 ಅಥವಾ ಅದಕ್ಕೂ ಹಿಂದಿನ ಇಸವಿಯೂ ಇರುವ ಅರ್ಧ ಆಣೆ, ಒಂದು ಆಣೆಯ ಬಿಲ್ಲೆಗಳನ್ನು ಅಮೂಲ್ಯವೆಂದು ಮಾರಲಾಗುತ್ತದೆ. ಕಂಪನಿಯು ಇಂತಹ ನಾಣ್ಯಗಳನ್ನು ಎಂದೂ ಹೊರಡಿಸಿಲ್ಲ. ಅಕ್ಕಿಯನ್ನು ಎಳೆಯುವ ಶಕ್ತಿ ಇದೆಯೆಂದು ಹೇಳಿ ತಾಮ್ರದ ಬಿಲ್ಲೆ ಅಥವಾ ಪಾತ್ರೆಗೆ ಲಕ್ಷಗಟ್ಟಲೆ ಮುಂಗಡ ಪಡೆಯುವುದು ಅಪ್ಪಟ ವಂಚನೆ. ಇದಕ್ಕೆ ಮಸೂರದ ಅಗತ್ಯವೂ ಇಲ್ಲ, ಪೊಲೀಸರಿಗೆ ದೂರು ನೀಡುವುದೇ ಸರಿ. ಹಳೆಯ ನೋಟು, ನಾಣ್ಯಗಳನ್ನು ಕೊಳ್ಳುವುದಾಗಿ ಅಂತರಜಾಲದಲ್ಲಿ ಪ್ರಕಟಿಸಿ ಶುಲ್ಕ, ಕಮಿಷನ್ ಅಥವಾ ತೆರಿಗೆಯ ಹೆಸರಿನಲ್ಲಿ ಹಣ ಕೇಳುವವರ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಎಚ್ಚರಿಕೆ ನೀಡಿದೆ. ತಾನು ಇಂತಹ ವ್ಯವಹಾರದಲ್ಲಿ ತೊಡಗಿಲ್ಲವೆಂದೂ ತನ್ನ ಪರವಾಗಿ ಹಣ ಪಡೆಯಲು ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂದೂ ಬ್ಯಾಂಕ್ ಸ್ಪಷ್ಟಪಡಿಸಿದೆ.

ಗುರುತಿಸಿಕೊಡುವಂತೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ಅರ್ಜಿಯೊಂದಿಗೆ ನಾಣ್ಯದ ಎರಡೂ ಬದಿಗಳ ಮತ್ತು ಅಂಚಿನ ಛಾಯಾಚಿತ್ರಗಳನ್ನು, ಪಕ್ಕದಲ್ಲಿ ಮಿಲಿಮೀಟರ್ ಅಡಿಕೋಲು ಇರಿಸಿ ತೆಗೆದು ಲಗತ್ತಿಸಿದಲ್ಲಿ ಕೆಲಸ ಸುಗಮವಾಗುತ್ತದೆ. ತೂಕ, ಅಗಲ, ಲೋಹದ ಬಣ್ಣ, ಮಸೂರದಲ್ಲಿ ಕಂಡ ಅಕ್ಷರಗಳು ಇವನ್ನು ಕಂಡಂತೆಯೇ ಬರೆಯಬೇಕು. ಓದಲು ಬಾರದ ಲಿಪಿಯನ್ನು ಊಹಿಸಿ ಬರೆಯುವ ಬದಲು ಆಕಾರವನ್ನು ಕಾಗದದ ಮೇಲೆ ದೊಡ್ಡದಾಗಿ ಬಿಡಿಸಿ ತೋರಿಸುವುದು ಹೆಚ್ಚು ಉಪಯುಕ್ತ. ನಾಣ್ಯ ಮನೆತನದ್ದೋ, ಕೊಂಡದ್ದೋ, ಮಣ್ಣಿನಲ್ಲಿ ದೊರೆತದ್ದೋ ಎಂಬುದನ್ನು ಮರೆಮಾಚದೆ ತಿಳಿಸತಕ್ಕದ್ದು. ಅಸಲು ನಾಣ್ಯವನ್ನು ಅಂಚೆಯಲ್ಲಿ ಕಳುಹಿಸಬಾರದು.

ಒಂದು ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯವು ಪುರಾತನ ವಸ್ತುಗಳು ಮತ್ತು ಕಲಾ ಸಂಪತ್ತು ಕಾಯ್ದೆ 1972ರ ಪ್ರಕಾರ ಪುರಾತನ ವಸ್ತುವಿನ ವ್ಯಾಖ್ಯೆಗೆ ಒಳಪಡುತ್ತದೆ. ಅದನ್ನು ಖಾಸಗಿ ವ್ಯಕ್ತಿಗಳು ದೇಶದ ಹೊರಕ್ಕೆ ಒಯ್ಯುವುದು ಅಥವಾ ಕಳುಹಿಸುವುದು ನಿಷಿದ್ಧ. ಹೊರದೇಶಗಳಲ್ಲಿ ನೆಲೆಸಿರುವ ಮಕ್ಕಳಿಗೆ ಅಜ್ಜಿಯ ಪೆಟ್ಟಿಗೆಯ ವರಹವನ್ನು ಕೊಟ್ಟು ಕಳುಹಿಸಬಯಸುವ ಕುಟುಂಬಗಳೂ ಇದನ್ನು ಗಮನಿಸಬೇಕು. ಹೊರದೇಶಕ್ಕೆ ಒಯ್ಯಬೇಕಾದ ವಸ್ತುವಿನ ಪ್ರಾಚೀನತೆಯ ಬಗ್ಗೆ ಸಂದೇಹವಿದ್ದಲ್ಲಿ ಪ್ರಯಾಣಕ್ಕೆ ಮೊದಲೇ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯನ್ನು ಸಂಪರ್ಕಿಸತಕ್ಕದ್ದು.